ಹಕ್ಕಿನ ಘೋಷಣೆಯೂ ಬಡಗಿಗಳ ಸಂಘವೂ

‘ಹಕ್ಕು’ ಎಂಬ ಮಾತು ಇಂದು ಗಿರಣಿಯ ಗೇಟಿನಲ್ಲಿ, ಪೇಟೆಯ ಬೀದಿಯಲ್ಲಿ, ಮುಷ್ಕರದ ಮೆರವಣಿಗೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಅರಬ್ಬಿಯಿಂದ ಬಂದ ಈ ಶಬ್ದ ಕನ್ನಡಕ್ಕೆ ಹೊಸದೇನಲ್ಲ. ಹಳೆಯ ಕಂದಾಯದ ಕಾಗದಪತ್ರಗಳನ್ನು ತೆಗೆದು ನೋಡಿದರೆ ಗೌಡಿಕೆಯ ಹಕ್ಕು, ಕುಲಕರ್ಣಿಯ ಹಕ್ಕು, ವತನದ ಹಕ್ಕು ಎಂದು ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಆದರೆ ಆ ಹಕ್ಕು ಬೇರೆ, ಇಂದು ನಾವು ಕೇಳುವ ಹಕ್ಕು ಬೇರೆ. ಅಂದು ಹಕ್ಕೆಂದರೆ ಒಂದು ಮನೆತನಕ್ಕೆ ಸೇರಿದ್ದು, ಅಪ್ಪನಿಂದ ಮಗನಿಗೆ ಬಂದದ್ದು, ನೆರೆಮನೆಯವನಿಗೆ ಇಲ್ಲದ್ದರಿಂದಲೇ ಬೆಲೆಯುಳ್ಳದ್ದು. ಮನುಷ್ಯನಾಗಿ ಹುಟ್ಟಿದ ಒಂದೇ ಕಾರಣಕ್ಕೆ ಪ್ರತಿಯೊಬ್ಬನಿಗೂ ಹಕ್ಕುಂಟು, ಅದನ್ನು ಯಾವ ರಾಜನೂ ಕೊಟ್ಟಿಲ್ಲ, ಆದ್ದರಿಂದ ಯಾವ ರಾಜನೂ ಕಸಿಯಲಾರ ಎಂಬ ವಿಚಾರ ರಾಜ್ಯಗಳ ಕಾನೂನಿನೊಳಕ್ಕೆ ಬಂದು ಇನ್ನೂ ಇನ್ನೂರೈವತ್ತು ವರ್ಷ ಆಗಿದೆಯಷ್ಟೆ. ಅದು ಬಂದದ್ದು ಹೇಗೆ, ಬಂದ ಮೇಲೆ ದುಡಿಯುವವರ ಪಾಲಿಗೆ ಏನಾಯಿತು ಎಂಬುದನ್ನು ನಮ್ಮ ವಾಚಕರು ತಿಳಿದಿರಬೇಕು. ಏಕೆಂದರೆ ಆ ವ್ಯಾಜ್ಯ ಇನ್ನೂ ಮುಗಿದಿಲ್ಲ.

ಕ್ರಾಂತಿಯಾಗುವುದು ಹಸಿವೆಯಿಂದ ಎಂದು ಕೆಲವರು ಹೇಳುತ್ತಾರೆ. ಪುಸ್ತಕಗಳಿಂದ ಎಂದು ಪಂಡಿತರು ಹೇಳುತ್ತಾರೆ. ಹಸಿವೆಯೊಂದೇ ಸಾಕಾಗಿದ್ದರೆ ಜಗತ್ತಿನಲ್ಲಿ ವರ್ಷಕ್ಕೊಂದು ಕ್ರಾಂತಿಯಾಗಬೇಕಿತ್ತು. ಪುಸ್ತಕವೊಂದೇ ಸಾಕಾಗಿದ್ದರೆ ಗ್ರಂಥಾಲಯದ ಗುಮಾಸ್ತರೆಲ್ಲ ಕ್ರಾಂತಿಕಾರರಾಗಬೇಕಿತ್ತು. ಹಸಿದವನು ದಣಿಯ ಬಾಗಿಲಲ್ಲಿ ಕೈಯೊಡ್ಡಿ ‘ಸ್ವಾಮಿ, ದಯೆ ತೋರಿ’ ಎನ್ನುವುದು ಅನಾದಿಯಿಂದ ನಡೆದುಬಂದದ್ದು. ಅದೇ ಮನುಷ್ಯ ನೆಟ್ಟಗೆ ನಿಂತು ‘ಇದು ನನಗೆ ಸಲ್ಲಬೇಕಾದದ್ದು’ ಎಂದಾಗ ಹಸಿವೆ ರಾಜಕಾರಣವಾಗುತ್ತದೆ. ಆ ಎರಡನೆಯ ಮಾತನ್ನು ಕಲಿಸಿಕೊಟ್ಟದ್ದು ತತ್ತ್ವಜ್ಞಾನಿಗಳು.

ಅವರೇನು ದೇವದೂತರಲ್ಲ. ಸರಕಾರ ನಿಂತಿರುವುದು ಪ್ರಜೆಗಳ ಒಪ್ಪಿಗೆಯ ಮೇಲೆ, ನಂಬಿಕೆಗೆ ದ್ರೋಹ ಬಗೆದ ಸರಕಾರವನ್ನು ಕೆಳಗಿಳಿಸಬಹುದು ಎಂದು 1689ರಲ್ಲಿ ಹೆಸರು ಹಾಕದೆ ಪುಸ್ತಕ ಅಚ್ಚುಹಾಕಿಸಿದ ಇಂಗ್ಲೆಂಡಿನ ಜಾನ್ ಲಾಕ್, ಗುಲಾಮರ ವ್ಯಾಪಾರ ನಡೆಸುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಷೇರು ಇಟ್ಟುಕೊಂಡಿದ್ದವನು. ಲಾಕನ ವಿಚಾರಗಳನ್ನೇ ಮುಂದಿಟ್ಟುಕೊಂಡು 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಬರೆದ ಜೆಫರ್ಸನ್ ಜೀವಮಾನದಲ್ಲಿ 600ಕ್ಕೂ ಮಿಕ್ಕ ಗುಲಾಮರಿಗೆ ಒಡೆಯನಾಗಿದ್ದ. ಬರೆದವನಿಗಿಂತ ಬರೆದದ್ದು ದೊಡ್ಡದಾಗಿರುವುದುಂಟು. ರೂಸೋ ಮಾತ್ರ ಬೇರೆ ಮಣ್ಣಿನವನು. ಜಿನೀವಾದ ಗಡಿಯಾರ ಮಾಡುವವನ ಮಗ. ಕೆತ್ತನೆ ಕೆಲಸದವನ ಕೈಕೆಳಗೆ ಕಲಿಯಲು ಹೋಗಿ ಓಡಿಬಂದವನು, ದೊಡ್ಡವರ ಮನೆಯಲ್ಲಿ ಆಳಾಗಿದ್ದವನು, ಕೊನೆಯತನಕ ಸಂಗೀತದ ಹಾಳೆಗಳನ್ನು ನಕಲು ಮಾಡಿ ಹೊಟ್ಟೆ ಹೊರೆದವನು. ಅವನ ‘ಸಾಮಾಜಿಕ ಒಪ್ಪಂದ’ 1762ರಲ್ಲಿ ಹೊರಬಂತು. ರಾಜ್ಯಾಧಿಕಾರ ರಾಜನದಲ್ಲ, ಜನರೆಲ್ಲರ ಒಟ್ಟು ಇಚ್ಛೆಯದು ಎಂಬುದು ಅದರ ತಿರುಳು. ಅವನ ಪುಸ್ತಕಗಳನ್ನು ಸ್ವಂತ ಊರಿನಲ್ಲೇ ಸುಟ್ಟರು. ಪ್ಯಾರಿಸಿನಲ್ಲಿ ಅವನ ಮೇಲೆ ವಾರಂಟು ಹೊರಟಿತು.

ಈ ಪುಸ್ತಕವನ್ನು ಎಷ್ಟು ಜನ ಓದಿದ್ದರು? ಆ ಕಾಲದ 500 ಖಾಸಗಿ ಗ್ರಂಥಭಂಡಾರಗಳ ಪಟ್ಟಿಗಳನ್ನು ಜಾಲಾಡಿದ ಡೇನಿಯಲ್ ಮೊರ್ನೆ ಎಂಬ ಫ್ರೆಂಚ್ ವಿದ್ವಾಂಸನಿಗೆ ಒಂದೇ ಒಂದು ಪ್ರತಿ ಸಿಕ್ಕಿತಂತೆ. ಆದರೂ 1789ರ ಹೊತ್ತಿಗೆ ‘ಜನತೆಯ ಅಧಿಕಾರ’, ‘ಪ್ರಜೆ’, ‘ಹಕ್ಕು’ ಎಂಬ ಮಾತುಗಳು ವಕೀಲರಿಂದ ಕಾಫಿ ಅಂಗಡಿಗೆ, ಕಾಫಿ ಅಂಗಡಿಯಿಂದ ಬಡಗಿಯ ಕೊಟ್ಟಿಗೆಗೆ ಇಳಿದುಬಂದಿದ್ದವು. ದೊಡ್ಡ ಪುಸ್ತಕ ಸಂತೆಗೆ ಬರುವುದಿಲ್ಲ. ಅದರ ಮಾತು ಬರುತ್ತದೆ. ಅದನ್ನು ತರುವುದು ಸಣ್ಣ ಹೊತ್ತಗೆಗಳು, ಕರಪತ್ರಗಳು, ಓದಬಲ್ಲ ಒಬ್ಬ ಹತ್ತು ಜನರ ನಡುವೆ ಕೂತು ಗಟ್ಟಿಯಾಗಿ ಓದಿದ ಪತ್ರಿಕೆಗಳು.

ಈ ಕೆಲಸದಲ್ಲಿ ಟಾಮ್ ಪೇನನ ಸಮಾನರಿಲ್ಲ. ಇಂಗ್ಲೆಂಡಿನ ಥೆಟ್‌ಫರ್ಡ್ ಊರಿನವನು, ಹೆಂಗಸರ ಬಿಗಿಯಂಗಿಗೆ ಎಲುಬಿನ ಕಡ್ಡಿ ಹಾಕಿ ಹೊಲಿಯುವ ಕಸುಬಿನವನು. ಆಮೇಲೆ ಅಬಕಾರಿ ಇಲಾಖೆ ಸೇರಿದ. ಅಲ್ಲಿಯ ಸಿಬ್ಬಂದಿಗೆ ಪಗಾರ ಸಾಲದೆಂದು 1772ರಲ್ಲಿ ಒಂದು ಅಹವಾಲು ಬರೆದ. 1774ರಲ್ಲಿ ಕೆಲಸ ಕಳೆದುಕೊಂಡು ಅಮೆರಿಕಕ್ಕೆ ಹಡಗು ಹತ್ತಿದ. 1776ರ ಜನವರಿಯಲ್ಲಿ ಅವನ ‘ಕಾಮನ್ ಸೆನ್ಸ್’ ಹೊರಬಂತು. ಸುಮಾರು ಐವತ್ತು ಪುಟ. ರಾಜಮನೆತನವೆಂಬುದೇ ಒಂದು ಮೋಸ ಎಂದು ಹೊಲಿಗೆಯವನ ಭಾಷೆಯಲ್ಲಿ ಹೇಳಿದ. ಆರು ತಿಂಗಳಲ್ಲಿ ಅಮೆರಿಕ ಬ್ರಿಟಿಷ್ ರಾಜನನ್ನು ಕೈಬಿಟ್ಟಿತು. ಅದೇ ಪೇನ್ 1792ರಲ್ಲಿ ‘ಮನುಷ್ಯನ ಹಕ್ಕುಗಳು’ ಪುಸ್ತಕದ ಎರಡನೆಯ ಭಾಗದಲ್ಲಿ ಲೆಕ್ಕ ಹಾಕಿ ತೋರಿಸಿದ: ಬಡವರ ಮಕ್ಕಳಿಗೆ ಹದಿನಾಲ್ಕು ವರ್ಷದ ತನಕ ವರ್ಷಕ್ಕೆ 4 ಪೌಂಡು, ಐವತ್ತು ದಾಟಿದ ಬಡವರಿಗೆ 6 ಪೌಂಡು, ಅರವತ್ತು ದಾಟಿದರೆ 10 ಪೌಂಡು, ಅದೂ ಭಿಕ್ಷೆಯಲ್ಲ, ಹಕ್ಕು. ಇಂಗ್ಲೆಂಡಿನ ಸರಕಾರ ಅವನನ್ನು ರಾಜದ್ರೋಹಿಯೆಂದು ವಿಚಾರಣೆಗೆ ಗುರಿಮಾಡಿತು.

ಇನ್ನು ಫ್ರಾನ್ಸಿಗೆ ಬರೋಣ. 1788ರ ಜುಲೈಯಲ್ಲಿ ಆಲಿಕಲ್ಲು ಬಿದ್ದು ಪೈರು ಹಾಳಾಯಿತು. ಚಳಿಗಾಲ ಭೀಕರವಾಗಿತ್ತು. ಪ್ಯಾರಿಸಿನಲ್ಲಿ ಎಂಟೊಂಬತ್ತು ಸೂ ಇದ್ದ ನಾಲ್ಕು ಪೌಂಡಿನ ರೊಟ್ಟಿ 1789ರ ಫೆಬ್ರವರಿಗೆ 14½ ಸೂ ಆಯಿತು. ದಿನಗೂಲಿಯವನು ದುಡಿಯುತ್ತಿದ್ದದ್ದು 20ರಿಂದ 30 ಸೂ. ಅಮೆರಿಕದ ಯುದ್ಧಕ್ಕೆ ಹಣ ಸುರಿದು ರಾಜನ ಬೊಕ್ಕಸ ಬರಿದಾಗಿತ್ತು. ಖರ್ಚಿನಲ್ಲಿ ಸುಮಾರು ಅರ್ಧ ಸಾಲದ ಬಾಬ್ತಿಗೇ ಹೋಗುತ್ತಿತ್ತು. ಸರದಾರರೂ ಮಠಾಧಿಪತಿಗಳೂ ಮುಖ್ಯ ತೆರಿಗೆಗಳಿಂದ ಪಾರು. ಭಾರವೆಲ್ಲ ಒಕ್ಕಲಿಗನ ಮೇಲೆ, ಕೂಲಿಯವನ ಮೇಲೆ, ಸಣ್ಣ ಅಂಗಡಿಯವನ ಮೇಲೆ. ಉಪ್ಪಿಗೂ ತೆರಿಗೆ. ಉಪ್ಪಿನ ತೆರಿಗೆಯ ವಿಷಯ ನಮ್ಮ ಜನರಿಗೆ ಬಿಡಿಸಿ ಹೇಳಬೇಕಿಲ್ಲ.

ಆ ಏಪ್ರಿಲಿನಲ್ಲಿ ರೆವೆಯೋನ್ ಎಂಬ ಗೋಡೆಕಾಗದದ ಕಾರಖಾನೆಯ ಮಾಲೀಕ, ಕೂಲಿಯವನು ದಿನಕ್ಕೆ 15 ಸೂದಲ್ಲಿ ಬದುಕಬಹುದು ಎಂದನಂತೆ ಎಂಬ ಸುದ್ದಿ ಹಬ್ಬಿತು. ಜನ ಅವನ ಮನೆಯನ್ನು ಪುಡಿಗುಟ್ಟಿದರು, ಸಿಪಾಯಿಗಳು ಗುಂಡು ಹಾರಿಸಿದರು, ಬಹಳ ಜನ ಸತ್ತರು. ಇದು ಇನ್ನೂ ಹಸಿವೆಯ ಗಲಭೆ. ಇಂಥವು ಹಿಂದೆಯೂ ಆಗಿದ್ದವು. ಆದರೆ ಒಂದೇ ವಾರ ಕಳೆಯುವಷ್ಟರಲ್ಲಿ, ಮೇ 5ರಂದು, ವರ್ಸೇಲ್ಸಿನಲ್ಲಿ ಮೂರು ವರ್ಗಗಳ ಸಭೆ ಸೇರಿತು. ಎಲ್ಲ ಕೆಲಸ ಮಾಡುವ ವರ್ಗಕ್ಕೆ ರಾಜ್ಯದಲ್ಲಿ ಯಾವ ಸ್ಥಾನವೂ ಇಲ್ಲವೆಂದು ಪಾದ್ರಿ ಸಿಯೆಸ್ ಜನವರಿಯಲ್ಲೇ ಕರಪತ್ರ ಹೊರಡಿಸಿದ್ದ. ಜೂನ್ 17ರಂದು ಆ ಮೂರನೆಯ ವರ್ಗದ ಪ್ರತಿನಿಧಿಗಳು ತಾವೇ ರಾಷ್ಟ್ರಸಭೆ ಎಂದು ಸಾರಿಕೊಂಡರು. ರಾಜ ಸೈನ್ಯ ಕರೆಸಿದ. ಜುಲೈ 14ರಂದು ಪ್ಯಾರಿಸಿನ ಜನ ಬ್ಯಾಸ್ಟಿಲ್ ಕೋಟೆಯನ್ನು ಹಿಡಿದು ರಾಷ್ಟ್ರಸಭೆಯನ್ನು ಉಳಿಸಿದರು.

ಆ ಜನ ಯಾರು? ಕೋಟೆ ಹಿಡಿದವರೆಂದು ಸರಕಾರ ಆಮೇಲೆ ಮಾಡಿದ ಪಟ್ಟಿಯಲ್ಲಿ 900ಕ್ಕೂ ಮಿಕ್ಕ ಹೆಸರುಗಳಿವೆ. ಬಡಗಿಗಳು, ಬೀಗ ಮಾಡುವವರು, ಚಮ್ಮಾರರು, ದ್ರಾಕ್ಷಾರಸದ ಚಿಲ್ಲರೆ ಅಂಗಡಿಯವರು. ಒಂದೇ ಮಾತಿನಲ್ಲಿ ಹೇಳುವುದಾದರೆ, ಈ ಪತ್ರಿಕೆಯನ್ನು ಕೊಂಡು ಓದುವಂಥವರು. ತತ್ತ್ವಜ್ಞಾನಿಗಳು ಹೇಳಿದ ಮಾತಿಗೆ ರಕ್ತ ತೆತ್ತವರು ಇವರು.

ಆಗಸ್ಟ್ 4ರ ರಾತ್ರಿ ಸಭೆ ಊಳಿಗಮಾನ್ಯ ಹಕ್ಕುಗಳನ್ನು ಕಿತ್ತೊಗೆಯುವುದಾಗಿ ಸಾರಿತು. 26ರಂದು ಮನುಷ್ಯನ ಮತ್ತು ಪ್ರಜೆಯ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಹದಿನೇಳು ಕಲಮುಗಳು. ಹುಟ್ಟಿನಿಂದ ಎಲ್ಲರೂ ಸ್ವತಂತ್ರರು, ಸಮಾನರು. ಅಧಿಕಾರದ ಮೂಲ ರಾಷ್ಟ್ರ. ಕಾನೂನು ಎಲ್ಲರಿಗೂ ಒಂದೇ. ಲಾಕ್, ರೂಸೋ ಎಲ್ಲರೂ ಅದರಲ್ಲಿ ಕಾಣಿಸುತ್ತಾರೆ. ಆದರೆ ರಾಜ ಒಪ್ಪಿಗೆ ಕೊಡಲಿಲ್ಲ. ಇಂದು, ನಾಳೆ ಎಂದು ತಿಂಗಳಿಗೂ ಹೆಚ್ಚು ಕಾಲ ತಳ್ಳಿದ. ಪಂಡಿತರೂ ವಕೀಲರೂ ಕೂಡಿದ ಸಭೆಗೆ ಅವನಿಂದ ಒಪ್ಪಿಗೆ ಪಡೆಯುವುದಾಗಲಿಲ್ಲ. ಅಕ್ಟೋಬರ್ 5ರಂದು ಪ್ಯಾರಿಸಿನ ಮಾರುಕಟ್ಟೆಯ ಹೆಂಗಸರು ಸಾವಿರಗಟ್ಟಲೆ ಹೊರಟರು. ರೊಟ್ಟಿ ಬೇಕೆಂದು ಮಳೆಯಲ್ಲಿ ನೆನೆಯುತ್ತ ಇಪ್ಪತ್ತು ಕಿಲೋಮೀಟರು ನಡೆದು ವರ್ಸೇಲ್ಸಿನ ಅರಮನೆಯನ್ನು ಮುತ್ತಿದರು. ಅದೇ ರಾತ್ರಿ ರಾಜ ಹಕ್ಕಿನ ಘೋಷಣೆಗೆ ಒಪ್ಪಿಗೆ ಕೊಟ್ಟ. ಮರುದಿನ ಅವನನ್ನೂ ಹಿಟ್ಟಿನ ಬಂಡಿಗಳನ್ನೂ ಒಟ್ಟಿಗೆ ಪ್ಯಾರಿಸಿಗೆ ಕರೆದುಕೊಂಡು ಬಂದರು. ಹಕ್ಕಿನ ತತ್ತ್ವ ರೊಟ್ಟಿಯ ಪ್ರಶ್ನೆಗಿಂತ ಮೇಲಿನದು ಎಂದು ಭಾಷಣ ಮಾಡುವವರು ಈ ಎರಡು ದಿನಗಳ ಕಥೆಯನ್ನು ಒಮ್ಮೆ ಓದಬೇಕು.

ಹೆಂಗಸರು ನಡೆದು ಗೆದ್ದುಕೊಟ್ಟ ಘೋಷಣೆಯಲ್ಲಿ ಹೆಂಗಸರಿಗೆ ಮತವಿರಲಿಲ್ಲ. ಗಂಡಸರಲ್ಲೂ ಮೂರು ದಿನದ ಕೂಲಿಯಷ್ಟು ನೇರ ತೆರಿಗೆ ಕೊಡುವವನು ಮಾತ್ರ ‘ಸಕ್ರಿಯ ಪ್ರಜೆ’, ಉಳಿದವರು ‘ನಿಷ್ಕ್ರಿಯರು’ ಎಂದು ಡಿಸೆಂಬರಿನಲ್ಲಿ ಕಾನೂನಾಯಿತು. ಮನೆಗೆಲಸದ ಆಳುಗಳಿಗೆ ಮತವೇ ಇಲ್ಲ. ಹೆಂಗಸರ ಹಕ್ಕಿನ ಘೋಷಣೆಯನ್ನು 1791ರಲ್ಲಿ ಬರೆದ ಒಲಾಂಪ್ ದ ಗೂಜ್ 1793ರ ನವೆಂಬರಿನಲ್ಲಿ ಗಿಲೊಟಿನ್‌ಗೆ ಬಲಿಯಾದಳು.

ನಮಗೆ ಎಲ್ಲಕ್ಕಿಂತ ಹತ್ತಿರದ ಸಂಗತಿ 1791ರ ಬೇಸಗೆಯದು. ಅದನ್ನು ಕೊಂಚ ವಿವರವಾಗಿಯೇ ಹೇಳಬೇಕು.

ಆ ಮಾರ್ಚಿಯಲ್ಲಿ ಹಳೆಯ ಕಸುಬುದಾರ ಪಂಗಡಗಳನ್ನು ಸಭೆ ರದ್ದುಮಾಡಿತು. ಯಾರು ಬೇಕಾದರೂ ಯಾವ ಕಸುಬನ್ನಾದರೂ ಮಾಡಬಹುದು ಎಂದಾಯಿತು. ಒಳ್ಳೆಯದೇ. ಆ ವಸಂತದಲ್ಲಿ ಪ್ಯಾರಿಸಿನ ಕಟ್ಟಡದ ಬಡಗಿಗಳು ಒಂದು ಸೋದರ ಸಂಘ ಕಟ್ಟಿದರು. ಕಾಯಿಲೆ ಬಿದ್ದವರಿಗೆ, ಮುದುಕರಾದವರಿಗೆ ನೆರವಾಗುವುದು ಒಂದು ಉದ್ದೇಶ. ದಿನಕ್ಕೆ 50 ಸೂಗಿಂತ ಕಡಿಮೆ ಕೂಲಿಗೆ ಯಾರೂ ಕೆಲಸ ಮಾಡಬಾರದು ಎಂಬುದು ಇನ್ನೊಂದು. ಗುತ್ತಿಗೆದಾರರು ಒಪ್ಪಲಿಲ್ಲ, ಕೆಲಸ ನಿಂತಿತು. ಗುತ್ತಿಗೆದಾರರು ನಗರಸಭೆಗೆ ಅರ್ಜಿ ಹಾಕಿದರು: ಇದು ಮನುಷ್ಯನ ಹಕ್ಕುಗಳ ಘೋಷಣೆಗೆ ವಿರುದ್ಧ, ಮಾಲೀಕನೂ ಕೆಲಸಗಾರನೂ ಒಬ್ಬರಿಗೊಬ್ಬರು ತಮಗೆ ತೋಚಿದಂತೆ ಕರಾರು ಮಾಡಿಕೊಳ್ಳುವುದೇ ಸ್ವಾತಂತ್ರ್ಯ. ಬಡಗಿಗಳೂ ಅದೇ ಘೋಷಣೆಯನ್ನು ಎತ್ತಿಹಿಡಿದರು: ನಾವೂ ಸ್ವತಂತ್ರರಲ್ಲವೆ, ಸೇರಿ ಮಾತಾಡುವ ಸ್ವಾತಂತ್ರ್ಯ ನಮಗಿಲ್ಲವೆ? ಒಂದೇ ಕಾಗದ, ಎರಡು ಓದು.

ತೀರ್ಪು ಕೊಟ್ಟವನು ಲ ಶಾಪೆಲಿಯೆ. ಬ್ರಿಟನಿ ಪ್ರಾಂತದ ವಕೀಲ, ಅಪ್ಪಟ ಕ್ರಾಂತಿವಾದಿ. ಸರದಾರರ ಹಕ್ಕುಗಳು ಉರುಳಿದ ಆಗಸ್ಟ್ 4ರ ರಾತ್ರಿ ಸಭೆಯ ಅಧ್ಯಕ್ಷಪೀಠದಲ್ಲಿ ಕೂತಿದ್ದವನು ಅವನೇ. 1791ರ ಜೂನ್ 14ರಂದು ಅವನು ಒಂದು ಮಸೂದೆ ತಂದ. ಒಂದೇ ಕಸುಬಿನವರು ಸಭೆ ಸೇರಿದಾಗ ಅಧ್ಯಕ್ಷನನ್ನಾಗಲಿ ಕಾರ್ಯದರ್ಶಿಯನ್ನಾಗಲಿ ಆರಿಸಕೂಡದು, ದಫ್ತರ ಇಡಕೂಡದು, ತಮ್ಮ ಸಮಾನ ಹಿತವೆಂದು ಹೇಳಿಕೊಳ್ಳುವ ವಿಷಯಗಳ ಮೇಲೆ ಠರಾವು ಮಾಡಕೂಡದು. ಕೂಲಿ ಇಷ್ಟಿರಬೇಕೆಂದು ಒಪ್ಪಂದ ಮಾಡಿಕೊಂಡು ಮುಂದಾಳಾದವನಿಗೆ 500 ಲೀವ್ರ್ ಜುಲ್ಮಾನೆ, ಒಂದು ವರ್ಷ ಪ್ರಜೆಯ ಹಕ್ಕು ರದ್ದು. ಒಂದು ಲೀವ್ರ್‌ಗೆ 20 ಸೂ. ಬಡಗಿ ಕೇಳಿದ 50 ಸೂ ಕೂಲಿ ಸಿಕ್ಕಿದರೂ ಈ ದಂಡ ತೀರಿಸಲು 200 ದಿನ ದುಡಿಯಬೇಕು. ಈ ಕಾನೂನಿಗೆ ಕೈಯೆತ್ತಿದ ಪ್ರತಿನಿಧಿಗಳ ದಿನಭತ್ಯೆ 18 ಲೀವ್ರ್, ಅಂದರೆ 360 ಸೂ.

ಲ ಶಾಪೆಲಿಯೆಯ ಬಾಯಲ್ಲಿ ಬಂದದ್ದು ದುಷ್ಟನ ಮಾತಲ್ಲ, ತತ್ತ್ವಜ್ಞಾನವೇ. ರಾಜ್ಯದೊಳಗೆ ಸಣ್ಣ ಸಣ್ಣ ಗುಂಪುಗಳಿದ್ದರೆ ಒಟ್ಟು ಜನರ ಇಚ್ಛೆ ಕೆಡುತ್ತದೆ ಎಂದು ರೂಸೋ ಹೇಳಿದ್ದ. ಅದನ್ನೇ ಇವನು ತೆಗೆದುಕೊಂಡ. ಒಬ್ಬೊಬ್ಬ ಪ್ರಜೆಯ ಹಿತ ಒಂದುಂಟು, ಇಡೀ ರಾಷ್ಟ್ರದ ಹಿತ ಒಂದುಂಟು. ನಡುವೆ ಇನ್ನಾವ ಹಿತವೂ ಇರಕೂಡದು. ಕೂಲಿ ಇನ್ನೂ ಸ್ವಲ್ಪ ಹೆಚ್ಚಿರಬೇಕಿತ್ತು ಎಂದೂ ಒಪ್ಪಿದ! ರೋಗಿಗಳನ್ನೂ ನಿರುದ್ಯೋಗಿಗಳನ್ನೂ ರಾಷ್ಟ್ರವೇ ನೋಡಿಕೊಳ್ಳುತ್ತದೆ, ಸಂಘ ಏತಕ್ಕೆ ಎಂದ. ಹಾಗಾದರೆ ವರ್ತಕರ ಚೇಂಬರುಗಳ ಗತಿ ಏನು ಎಂದು ಸಭೆಯಲ್ಲಿ ಪ್ರಶ್ನೆ ಬಂತು. ವರ್ತಕರು ಸೇರಿ ಮಾತಾಡುವುದನ್ನು ತಡೆಯುವ ಉದ್ದೇಶ ನಮ್ಮಲ್ಲಿ ಯಾರಿಗೂ ಇಲ್ಲ ಎಂದು ಉತ್ತರ ಬಂತು; ಹಾಗೆಂದು ದಾಖಲೂ ಆಯಿತು. ನ್ಯಾಯಕ್ಕೆ ಹೇಳಬೇಕೆಂದರೆ ಆ ಚೇಂಬರುಗಳನ್ನೂ ಅದೇ ವರ್ಷ ಮುಂದೆ ರದ್ದುಮಾಡಿದರು. ಆದರೂ ಜೂನ್ 14ರ ಮನಸ್ಸು ಯಾವ ಕಡೆಗಿತ್ತು ಎಂಬುದು ಸ್ಪಷ್ಟವಿದೆ. ಬಡವರ ಬಂಧುವೆಂದು ಹೆಸರಾದ ರೋಬೆಸ್ಪಿಯರ್ ಕೂಡ ಈ ಕಾನೂನನ್ನು ವಿರೋಧಿಸಲಿಲ್ಲ. ಅಧಿಕಾರ ಕೈಗೆ ಬಂದಾಗ ಅದನ್ನು ತೆಗೆದುಹಾಕಲೂ ಇಲ್ಲ. ಹಕ್ಕಿನ ಘೋಷಣೆಯ ಹದಿನೇಳು ಕಲಮುಗಳಲ್ಲಿ ಆಸ್ತಿ ಪವಿತ್ರವೆಂಬ ಕಲಮು ಇದೆ, ಸಂಘ ಕಟ್ಟುವ ಹಕ್ಕಿನ ಸುದ್ದಿಯೇ ಇಲ್ಲ. ಮಾರ್ಕ್ಸ್ ತನ್ನ ‘ಬಂಡವಾಳ’ ಗ್ರಂಥದಲ್ಲಿ ಈ ಕಾನೂನನ್ನು ಎತ್ತಿ ಆಡಿದ್ದಾನೆ.

ಇದರಿಂದ ಹಕ್ಕಿನ ವಿಚಾರವೇ ಬಂಡವಾಳಗಾರರ ಬೂಟಾಟಿಕೆ ಎಂದು ತೀರ್ಮಾನಿಸುವ ಗೆಳೆಯರು ನಮ್ಮಲ್ಲಿದ್ದಾರೆ. ನಾವು ಒಪ್ಪುವುದಿಲ್ಲ. ಘೋಷಣೆ ಇಲ್ಲದಿದ್ದರೆ ಬಡಗಿಗಳು ಯಾವುದನ್ನು ಹಿಡಿದು ವಾದಿಸುತ್ತಿದ್ದರು? ಆ ಮಾತುಗಳನ್ನು ‘ಎಲ್ಲರೂ’ ಎಂದು ಬರೆದದ್ದೇ ಬರೆದವರಿಗೆ ತೊಡಕಾಯಿತು. ಫ್ರಾನ್ಸಿನ ಸಕ್ಕರೆ ವಸಾಹತು ಸಾಂ-ದೊಮಿಂಗ್‌ನಲ್ಲಿ ಸುಮಾರು ಐದು ಲಕ್ಷ ಗುಲಾಮರಿದ್ದರು. ‘ಎಲ್ಲರೂ’ ಎಂದರೆ ಇವರಲ್ಲ ಎಂದು ಸಭೆ ಭಾವಿಸಿತ್ತು. 1791ರ ಆಗಸ್ಟಿನಲ್ಲಿ ಆ ಗುಲಾಮರು ಎದ್ದರು. 1794ರ ಫೆಬ್ರವರಿ 4ರಂದು ಪ್ಯಾರಿಸಿನ ಸಭೆ ಗುಲಾಮಗಿರಿಯನ್ನು ರದ್ದುಮಾಡಬೇಕಾಯಿತು. ಆ ಸಭೆಯಲ್ಲಿ ಪ್ರತಿನಿಧಿಯಾಗಿ ಕೂತಿದ್ದವರಲ್ಲಿ ಒಬ್ಬ, ಬೆಲೆ ಎಂಬವನು, ಸ್ವತಃ ಗುಲಾಮನಾಗಿದ್ದವನು. ನೆಪೋಲಿಯನ್ 1802ರಲ್ಲಿ ಮತ್ತೆ ಸಂಕೋಲೆ ಹಾಕಲು ಸೈನ್ಯ ಕಳಿಸಿ ಸೋತ. 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು. ಹಕ್ಕಿನ ಘೋಷಣೆಯನ್ನು ಅಕ್ಷರಶಃ ನಂಬಿದವರು ಇವರು. ಅದಕ್ಕೆ ದಂಡ ಎಂಬಂತೆ 1825ರಲ್ಲಿ ಫ್ರಾನ್ಸಿನ ರಾಜ ಯುದ್ಧನೌಕೆಗಳನ್ನು ಕಳಿಸಿ, ಗುಲಾಮರ ಒಡೆಯರಿಗೆ ಪರಿಹಾರವೆಂದು 15 ಕೋಟಿ ಫ್ರಾಂಕು ಕೇಳಿದ!

ನಮ್ಮ ಸಣ್ಣ ವರ್ತಕ ಬಂಧುಗಳಿಗೂ ಈ ಇತಿಹಾಸದಲ್ಲಿ ಒಂದು ಅಧ್ಯಾಯವಿದೆ. 1792ರಿಂದ ಎರಡು ವರ್ಷ ಪ್ಯಾರಿಸಿನ ಬೀದಿಯನ್ನು ಆಳಿದವರು ಕೂಲಿಗಾರರೂ ಚಿಲ್ಲರೆ ಅಂಗಡಿಯವರೂ ಒಟ್ಟಿಗೆ. ಆ ಒಗ್ಗಟ್ಟು ಬಿರುಕು ಬಿಟ್ಟದ್ದು ಧಾರಣೆಯ ಮೇಲೆ. 1793ರ ಫೆಬ್ರವರಿಯಲ್ಲಿ ಸಾಬೂನು, ಸಕ್ಕರೆ, ಮೇಣದ ಬತ್ತಿ ದುಬಾರಿಯಾಗಿ ಜನ ಅಂಗಡಿಗಳಿಗೆ ನುಗ್ಗಿದರು. ಸೆಪ್ಟೆಂಬರ್ 29ರಂದು ಧಾರಣೆಗೆ ಮಿತಿ ಬಂತು: 1790ರ ಬೆಲೆಯ ಮೇಲೆ ಮೂರನೆಯ ಒಂದು ಪಾಲು. ಕೂಲಿಗೂ ಮಿತಿ: 1790ರ ಕೂಲಿಯ ಮೇಲೆ ಅರ್ಧ. ಅಂಗಡಿಯವನು ತನ್ನನ್ನು ಕಳ್ಳನಂತೆ ನೋಡುತ್ತಾರೆಂದು ಕುದಿದ. ಕೂಲಿಯವನು 1794ರ ಜುಲೈಯಲ್ಲಿ ಹೊಸ ಕೂಲಿ ಪಟ್ಟಿ ಹೊರಟು ಕೈಗೆ ಬರುತ್ತಿದ್ದ ಹಣ ಇಳಿದಾಗ ಕುದಿದ. ನಾಲ್ಕೇ ದಿನದಲ್ಲಿ ರೋಬೆಸ್ಪಿಯರ್ ಬಿದ್ದ. ಅವನನ್ನು ಉಳಿಸಲು ಪ್ಯಾರಿಸ್ ಏಳಲಿಲ್ಲ. ಡಿಸೆಂಬರಿನಲ್ಲಿ ಧಾರಣೆಯ ಮಿತಿಯನ್ನು ತೆಗೆದುಹಾಕಿದರು. ಲಾಭ ಯಾರಿಗೆ? ಚಿಲ್ಲರೆ ಅಂಗಡಿಯವನಿಗಲ್ಲ, ಉಗ್ರಾಣ ಇಟ್ಟಿದ್ದ ದೊಡ್ಡ ಕುಳಗಳಿಗೆ. ಆ ಚಳಿಗಾಲದಲ್ಲಿ ಜನ ಹಸಿವಿನಿಂದ ಸತ್ತರು. 1795ರ ಹೊಸ ಸಂವಿಧಾನದಲ್ಲಿ ಎಲ್ಲರೂ ಸಮಾನರಾಗಿ ಹುಟ್ಟುತ್ತಾರೆಂಬ ಮಾತನ್ನೇ ಕೈಬಿಟ್ಟರು.

ಲ ಶಾಪೆಲಿಯೆಯ ಕಾನೂನು ಬಹುಕಾಲ ಬದುಕಿತು. ಮುಷ್ಕರ ಅಪರಾಧವಲ್ಲವೆಂದಾದದ್ದು 1864ರಲ್ಲಿ, ಕಾರ್ಮಿಕ ಸಂಘ ಕಾನೂನುಬದ್ಧವಾದದ್ದು 1884ರಲ್ಲಿ. ಸಂಘ ಸೇರುವ ಹಕ್ಕೂ ಮುಷ್ಕರದ ಹಕ್ಕೂ ಫ್ರಾನ್ಸಿನ ಸಂವಿಧಾನದ ಪೀಠಿಕೆಯೊಳಕ್ಕೆ ಬಂದದ್ದು 1946ರಲ್ಲಿ, 1789ರ ಘೋಷಣೆಗೆ ಪುರವಣಿಯಂತೆ.

ಇದೆಲ್ಲ ಪರದೇಶದ ಸರಕು, ನಮಗೇಕೆ ಎಂದು ಮೂಗು ಮುರಿಯುವವರಿದ್ದಾರೆ. ಸ್ವಾತಂತ್ರ್ಯ, ಸಮಾನತೆ, ಸೋದರತೆಗಳನ್ನು ತಾವು ಫ್ರೆಂಚ್ ಕ್ರಾಂತಿಯಿಂದ ಎರವಲು ತಂದಿಲ್ಲ, ಬುದ್ಧನಿಂದ ಪಡೆದೆವು ಎಂದು ಡಾ. ಅಂಬೇಡ್ಕರ್ ಅವರು 1954ರ ರೇಡಿಯೋ ಭಾಷಣದಲ್ಲಿ ಹೇಳಿದ್ದಾರೆ. ಮೂಲ ಯಾವುದೇ ಇರಲಿ, ಲ ಶಾಪೆಲಿಯೆಯ ವಾದವಂತೂ ಸಮುದ್ರ ದಾಟಿ ನಮ್ಮಲ್ಲಿಗೆ ಬಂದದ್ದು ನಿಜ. 1918ರಲ್ಲಿ ಮದರಾಸಿನ ಗಿರಣಿ ಕಾರ್ಮಿಕರು ಸಂಘ ಕಟ್ಟಿದರು. ಬಕಿಂಗ್‌ಹ್ಯಾಮ್ ಕರ್ನಾಟಿಕ್ ಗಿರಣಿಯವರು 1920ರಲ್ಲಿ ಹೈಕೋರ್ಟಿಗೆ ಹೋಗಿ, ಕೆಲಸಗಾರರನ್ನು ಕರಾರು ಮುರಿಯುವಂತೆ ಪ್ರೇರಿಸಬಾರದೆಂದು ಸಂಘದ ಮುಖಂಡ ಬಿ. ಪಿ. ವಾಡಿಯಾ ಅವರ ಮೇಲೆ ತಡೆಯಾಜ್ಞೆ ತಂದರು. ಪ್ಯಾರಿಸಿನ ಗುತ್ತಿಗೆದಾರರ ಅರ್ಜಿಯಲ್ಲಿದ್ದದ್ದೂ ಇದೇ ವಾದವಲ್ಲವೆ? ಆ ಪ್ರಕರಣದ ಬಿಸಿಯಿಂದಲೇ ಎನ್. ಎಂ. ಜೋಶಿಯವರು ಕೇಂದ್ರ ಶಾಸನಸಭೆಯಲ್ಲಿ ಕಾನೂನಿಗಾಗಿ ಒತ್ತಾಯಿಸಿದರು. 1926ರಲ್ಲಿ ಕಾರ್ಮಿಕ ಸಂಘಗಳ ಕಾಯಿದೆ ಬಂತು. 1950ರ ಸಂವಿಧಾನದ 19ನೆಯ ಅನುಚ್ಛೇದ ಸಂಘ ಕಟ್ಟುವುದನ್ನು ಪ್ರಜೆಯ ಮೂಲಭೂತ ಹಕ್ಕೆಂದು ಬರೆಯಿತು. 1789ರ ಘೋಷಣೆಯಲ್ಲಿ ಇಲ್ಲದ ಮಾತು ನಮ್ಮದರಲ್ಲಿದೆ.

ಆದರೆ ಸಂಘ ಕಟ್ಟುವ ಹಕ್ಕಿನೊಳಗೆ ಮುಷ್ಕರದ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟು 1961ರಲ್ಲಿ ಬ್ಯಾಂಕ್ ನೌಕರರ ಮೊಕದ್ದಮೆಯಲ್ಲಿ ಹೇಳಿತು. 2020ರಲ್ಲಿ ಪಾರ್ಲಿಮೆಂಟು ಕೈಗಾರಿಕಾ ಸಂಬಂಧಗಳ ಸಂಹಿತೆಯನ್ನು ಅಂಗೀಕರಿಸಿತು. 2025ರ ನವೆಂಬರ್ 21ರಿಂದ ಅದು ಜಾರಿಗೆ ಬಂದು 1926ರ ಕಾಯಿದೆಯ ಜಾಗವನ್ನು ಹಿಡಿಯಿತು. ಹಿಂದೆ ನೀರು, ರೈಲಿನಂಥ ಸಾರ್ವಜನಿಕ ಸೇವೆಗಳಿಗೆ ಮಾತ್ರ ಇದ್ದ 14 ದಿನದ ನೋಟೀಸು ಈಗ ಎಲ್ಲ ಕಾರಖಾನೆಗಳ ಮುಷ್ಕರಕ್ಕೂ ಬೇಕು. ಸಂಧಾನ ನಡೆಯುತ್ತಿರುವಾಗ ಮುಷ್ಕರ ಹೂಡುವಂತಿಲ್ಲ. ಅರ್ಧದಷ್ಟು ಕೆಲಸಗಾರರು ಒಂದೇ ದಿನ ಒಟ್ಟಾಗಿ ರಜೆ ಹಾಕಿದರೆ ಅದನ್ನೂ ಮುಷ್ಕರವೆಂದೇ ಲೆಕ್ಕ ಹಿಡಿಯಬೇಕು. ಸಂಘ ಕಟ್ಟಿರಿ, ಅಧ್ಯಕ್ಷನನ್ನು ಆರಿಸಿರಿ, ದಫ್ತರ ಇಡಿರಿ, ಆದರೆ ಕೈ ಕಟ್ಟಿ ಕೂಡಬೇಕಾದರೆ ಮಾಲೀಕನಿಗೆ ತಯಾರಾಗಲು ಎರಡು ವಾರ ಕೊಡಿರಿ ಎಂಬುದು ಇದರ ಅರ್ಥ. ದೇಶದ ಪ್ರಮುಖ ಕಾರ್ಮಿಕ ಸಂಘಗಳು ಈ ಕಲಮುಗಳನ್ನು ವಿರೋಧಿಸಿವೆ. ನಾವೂ ವಿರೋಧಿಸುತ್ತೇವೆ.